ಉತ್ತರ ಕನ್ನಡ ಕರಾವಳಿಗೆ ಯಾವಾಗ ಹೋಗಬೇಕು? ನಾಲ್ಕು ಸಲ ಹೋಗಿ

ಗೋಕರ್ಣಕ್ಕೆ ಹೋಗೋಕೆ ಬೆಸ್ಟ್ ಟೈಮ್ ಯಾವುದು ಅಂತ ಹುಡುಕಿದರೆ ಎಲ್ಲ ಕಡೆ ಒಂದೇ ಉತ್ತರ: ಅಕ್ಟೋಬರ್‌ನಿಂದ ಫೆಬ್ರವರಿ. ಮಳೆ ಇರಲ್ಲ, ಸೆಕೆ ಕಡಿಮೆ, ಸಮುದ್ರ ಶಾಂತ. ಉತ್ತರ ತಪ್ಪೇನಲ್ಲ. ಆದರೆ ಕಾರವಾರದಿಂದ ಭಟ್ಕಳದವರೆಗಿನ ಈ ಕರಾವಳಿಯನ್ನು ಆ ಐದು ತಿಂಗಳಲ್ಲಿ ಮಾತ್ರ ನೋಡಿದವರಿಗೆ ಅದು ಉದ್ದಕ್ಕೆ ಬಿದ್ದಿರುವ ಖಾಲಿ ಮರಳಿನಂತೆ ಕಾಣುತ್ತದೆ. ಖಾಲಿ ಎಂದು ಕಂಡ ಜಾಗದ ಮೇಲೆ ಬಂದರು, ರೆಸಾರ್ಟ್, ರಸ್ತೆಯ ನಕ್ಷೆ ಎಳೆಯುವುದು ಸುಲಭ. ಇಲ್ಲಿನ ಜಾಗ ತಿಂಗಳಿಗೊಂದು ಕೆಲಸ ಮಾಡುತ್ತದೆ. ಒಂದೇ ಗದ್ದೆ ಮಳೆಗಾಲದಲ್ಲಿ ಭತ್ತದ್ದು, ಬೇಸಿಗೆಯಲ್ಲಿ ಸಿಗಡಿಯದ್ದು. ಕಳೆದ ಕೆಲವು ವರ್ಷಗಳಲ್ಲಿ ಬೇರೆ ಬೇರೆ ತಿಂಗಳುಗಳಲ್ಲಿ ಅಲ್ಲಿಗೆ ಹೋಗಿ ಬಂದ ಮೇಲೆ, ಈ ಕ್ಯಾಲೆಂಡರ್ ಗೊತ್ತಿಲ್ಲದೆ ಇಲ್ಲಿನ ಯಾವ ಹೋರಾಟವೂ ಅರ್ಥವಾಗಲ್ಲ ಅನ್ನಿಸಿದೆ.

ಮೊದಲು ಸ್ವಲ್ಪ ಇತಿಹಾಸ. ಈ ತೀರದ ಚರಿತ್ರೆಯನ್ನು ನಡೆಸಿದ್ದೇ ಗಾಳಿ. ಮುಂಗಾರು ಮುಗಿದ ಮೇಲೆ ಅರಬ್ ಹಡಗುಗಳು ಬರುತ್ತಿದ್ದವು. ವಿಜಯನಗರದ ಕುದುರೆಗಳು ಇಳಿಯುತ್ತಿದ್ದ ಮುಖ್ಯ ರೇವುಗಳಲ್ಲಿ ಭಟ್ಕಳವೂ ಒಂದು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೆದರು. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, ಅಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳನ್ನು ಕಂಡೆ ಎಂದು ದಾಖಲಿಸಿದ್ದಾನೆ. (ಇವತ್ತಿನ ವಾಟ್ಸಾಪ್ ಇತಿಹಾಸಕಾರರಿಗೆ ಈ ಊರಿನ ಬಗ್ಗೆ ಗೊತ್ತಿರುವುದು ಬೇರೆಯೇ.) 1862ರಲ್ಲಿ ಬ್ರಿಟಿಷರು ಕೆನರಾ ಜಿಲ್ಲೆಯನ್ನು ಒಡೆದು ಉತ್ತರ ಭಾಗವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಮಂಗಳೂರು ಒಂದು ಕಡೆ, ಕಾರವಾರ ಇನ್ನೊಂದು ಕಡೆ ಆಯಿತು.

ಜೂನ್–ಜುಲೈ: ವರ್ಷ ಶುರುವಾಗುವುದು ಇಲ್ಲಿಂದ

ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕುವ ಕಾಲ. ಬೋಟುಗಳೆಲ್ಲ ದಡಕ್ಕೆ. ನಾಡದೋಣಿಯವರು ಮಾತ್ರ ಕಡಲು ಬಿಟ್ಟುಕೊಟ್ಟ ದಿನ ಹೊರಡುತ್ತಾರೆ. ಪ್ರವಾಸಿಗರು ಈ ತಿಂಗಳುಗಳಲ್ಲಿ ನೀರಿಗೆ ಇಳಿಯಲೇಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಡೋಕೆ ಇರುವುದು ಕಡಲಲ್ಲ, ಅಳಿವೆ.

ಕುಮಟಾದ ಅಘನಾಶಿನಿ ಅಳಿವೆಯ ಸುತ್ತ ಗಜನಿ ಗದ್ದೆಗಳಿವೆ. ಭರತ ಬಂದಾಗ ಉಪ್ಪುನೀರು ನುಗ್ಗುವ ಈ ಜೌಗು ನೆಲದಲ್ಲಿ ಮಾಮೂಲಿ ಭತ್ತ ಬದುಕಲ್ಲ. ಇಲ್ಲಿನವರು ಬೆಳೆಸುವುದು ಕಗ್ಗ ಎಂಬ ತಳಿ. ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಬಿತ್ತುತ್ತಾರೆ, ಗೊಬ್ಬರ ಹಾಕಲ್ಲ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ತಡೆಯುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಅದು ಕೊಳೆತು ಮೀನು, ಸಿಗಡಿಗೆ ಆಹಾರ. ಆಮೇಲೆ ಒಡ್ಡಿನ ತೂಬು ತೆರೆದು ಉಪ್ಪುನೀರು ಒಳಗೆ ಬಿಟ್ಟರೆ ಅದೇ ಗದ್ದೆ ಮೀನಿನ ಕೆರೆ. 1970ರ ದಶಕದಲ್ಲಿ ಸರ್ಕಾರ ಕಟ್ಟಿದ ದೊಡ್ಡ ಒಡ್ಡುಗಳು, 90ರ ದಶಕದ ಸಿಗಡಿ ಕೃಷಿ, ಎರಡೂ ಸೇರಿ ಈ ಪಾಳಿಯನ್ನು ಹಾಳುಮಾಡಿದವು. ಸಿಗಡಿಗೆ ವರ್ಷಪೂರ್ತಿ ಉಪ್ಪುನೀರು ಬೇಕಾಯಿತು, ಕಗ್ಗಕ್ಕೆ ತಿಂಗಳೇ ಉಳಿಯಲಿಲ್ಲ. ಮಾಣಿಕಟ್ಟಾದಂಥ ಕೆಲವು ಊರುಗಳಲ್ಲಿ ಮಾತ್ರ ರೈತರು ಇನ್ನೂ ಹಿಡಿದುಕೊಂಡಿದ್ದಾರೆ.

ಮಳೆಗಾಲ ತೋರಿಸುವ ಇನ್ನೊಂದು ಸತ್ಯ ಹೆದ್ದಾರಿಯದ್ದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಚಹಾದಂಗಡಿ, ನಿಂತ ಲಾರಿ ಎಲ್ಲವೂ ಗಂಗಾವಳಿಗೆ ಹೋದವು. ನದಿಯ ತಳದಿಂದ ಒಂದು ಲಾರಿ ಎತ್ತಲು ಸೆಪ್ಟೆಂಬರ್ ಕೊನೆಯಾಯಿತು. ಮೂರು ವಾರದ ನಂತರ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಡಿಸೆಂಬರ್‌ನಲ್ಲಿ ಅದೇ ರಸ್ತೆಯಲ್ಲಿ ಗೋವಾಕ್ಕೆ ಹೋಗುವವರಿಗೆ ಕಡಿದು ನಿಲ್ಲಿಸಿದ ಗುಡ್ಡ ಒಳ್ಳೆಯ ಫೋಟೋ ಹಿನ್ನೆಲೆ.

ಹೋಗುವುದಾದರೆ ರೈಲಲ್ಲಿ ಹೋಗಿ. ಬೆಂಗಳೂರಿನಿಂದ ಪಂಚಗಂಗಾ ರಾತ್ರಿ ಹೊರಟು ಬೆಳಿಗ್ಗೆ ಕಾರವಾರ ಮುಟ್ಟಿಸುತ್ತದೆ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ, ಟಿಕೆಟ್ ಮಾಡುವ ಮುಂಚೆ ನೋಡಿಕೊಳ್ಳಿ.

ಆಗಸ್ಟ್–ನವೆಂಬರ್: ದಂಡೆ ಯಾರದು?

ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಮೀನುಗಾರರು ಹೊಸ ವರ್ಷ ಶುರು ಮಾಡುತ್ತಾರೆ. ಮಳೆ ಕಡಿಮೆಯಾದ ಮೇಲೆ ಬಂಗುಡೆ, ತಾರ್ಲೆ ದಡದ ಹತ್ತಿರ ಬರುತ್ತವೆ. ರಂಪಣಿ ಬಲೆಯ ಕಾಲ ಇದು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಆಕಾರದಲ್ಲಿ ಬಿಟ್ಟು, ಎರಡೂ ತುದಿಯ ಹಗ್ಗವನ್ನು ಹತ್ತಾರು ಜನ ದಡದಿಂದ ಎಳೆಯುತ್ತಾರೆ. ಸಿಕ್ಕಿದ್ದರಲ್ಲಿ ಎಳೆದವರಿಗೆಲ್ಲ ಪಾಲು. 70ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ರಂಪಣಿ ಸೊರಗಿತು, ಪೂರ್ತಿ ಸತ್ತಿಲ್ಲ. ಗಮನಿಸಿ: ಈ ಬಲೆಗೆ ಬೇಕಾದ ಮುಖ್ಯ ಸಲಕರಣೆ ಏನೂ ಇಲ್ಲದ ಉದ್ದನೆಯ ಮರಳು.

2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಸಾಗರಮಾಲಾ ಅಡಿಯ ಬಂದರು ವಿಸ್ತರಣೆ ವಿರುದ್ಧ ಬೀದಿಗಿಳಿದಿದ್ದು ಇದಕ್ಕೇ. ಅತ್ತ ಅರ್ಗಾ, ಬಿಣಗಾ ಕಡೆಯ ತೀರ ಐಎನ್‌ಎಸ್ ಕದಂಬ ನೌಕಾನೆಲೆಯ ಬೇಲಿಯೊಳಗೆ ಹೋಗಿ ಎಷ್ಟೋ ವರ್ಷವಾಯಿತು. ಊರಿಗೆ ಉಳಿದ ದೊಡ್ಡ ದಂಡೆ ಟಾಗೋರ್ ಕಡಲತೀರ ಒಂದೇ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ಉಳಿದಿದ್ದರಿಂದ ಆ ಹೆಸರು. ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಇದೇ ಕಥೆ: ಖಾಸಗಿ ಬಂದರು ಬರಬೇಕಿರುವ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ, ಚಳಿಗಾಲದಲ್ಲಿ ಅಲ್ಲಿಗೇ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ.

ಡಿಸೆಂಬರ್–ಫೆಬ್ರವರಿ: ಎಲ್ಲರೂ ಬರುವ ಕಾಲ

ಓಂ ಬೀಚ್, ಮುರ್ಡೇಶ್ವರ, ಮಿರ್ಜಾನ್ ಕೋಟೆಯ ಬಗ್ಗೆ ರೀಲ್ಸ್ ಸಾಕಷ್ಟಿವೆ, ನಾನು ಸೇರಿಸುವುದು ಏನೂ ಇಲ್ಲ. ಹೇಳಬೇಕಾದ್ದು ಇನ್ನೊಂದು. ಪ್ರವಾಸಿಗರು ಬರುವ ಕಾಲದಲ್ಲೇ ಸಮೀಕ್ಷೆಯವರೂ ಬರುತ್ತಾರೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಬಂದ ಮೇಲೆ, ಮಳೆಗಾಲ ಬಿಟ್ಟು ಒಂದು ಋತುವಿನ, ಅಂದರೆ ಸುಮಾರು ಮೂರು ತಿಂಗಳ ಮಾಹಿತಿಯ ಮೇಲೆ ವರದಿ ತಯಾರಿಸುವುದು ಸಾಮಾನ್ಯ ರೂಢಿ. ಇಂಜಿನಿಯರಿಂಗ್ ಕಾಲೇಜಲ್ಲಿ ಲ್ಯಾಬ್ ಪ್ರಯೋಗಕ್ಕೆ ಇಂಥ ಸ್ಯಾಂಪಲ್ ತಗೊಂಡು ಹೋಗಿದ್ದರೆ ಮೇಷ್ಟ್ರು ರೆಕಾರ್ಡ್ ಪುಸ್ತಕ ವಾಪಸ್ ಎಸೆಯುತ್ತಿದ್ದರು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರನ್ನು ಆ ನಾಲ್ಕು ತಿಂಗಳು ಬಿಟ್ಟು ಅಳೆಯುವುದು ಅಂದರೇನು?

ಮಾರ್ಚ್–ಮೇ: ಉಪ್ಪು, ಸುಗ್ಗಿ, ಬಳಚು

ಸೆಕೆ ವಿಪರೀತ. ಆದರೂ ನನ್ನನ್ನು ಕೇಳಿದರೆ ಇದೇ ಒಳ್ಳೆಯ ಕಾಲ. ಹೋಳಿಗೆ ಅಂಕೋಲಾದಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ಪದ್ಮಶ್ರೀ ಸುಕ್ರಿ ಬೊಮ್ಮಗೌಡರ ಊರು ಬಡಗೇರಿ ಇಲ್ಲೇ ಇದೆ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಆಗರಗಳಿಂದ ಉಪ್ಪು ಎಳೆಯುವುದು ಈಗ. ಮೊದಲ ಮಳೆ ಬಿದ್ದರೆ ಆ ವರ್ಷದ ಉಪ್ಪು ಮುಗಿಯಿತು. ಅಂಕೋಲಾದ ಉಪ್ಪಿನ ಸತ್ಯಾಗ್ರಹ 1930ರ ಏಪ್ರಿಲ್ 13ರಂದು ನಡೆಯಿತು. ತಾಲೂಕಿನ ಜನ ಅಷ್ಟಕ್ಕೇ ನಿಲ್ಲದೆ ಕರನಿರಾಕರಣೆಗೂ ಇಳಿದರು, ಜಮೀನು ಕಳೆದುಕೊಂಡರು. ಮೇ ತಿಂಗಳಲ್ಲಿ ಹೋದರೆ ಭೌಗೋಳಿಕ ಸೂಚ್ಯಂಕ ಸಿಕ್ಕಿರುವ ಕರಿಈಶಾಡ ಮಾವನ್ನು ಬಿಡಬೇಡಿ.

ಇದೇ ತಿಂಗಳುಗಳಲ್ಲಿ ಎರಡು ನದಿಗಳನ್ನು ಒಂದೇ ದಿನ ನೋಡಬೇಕು. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಕಡಲಿನ ಉಪ್ಪು ಒಳಗೆ ಬರುತ್ತದೆ. ಇಳಿತದ ಹೊತ್ತಿಗೆ ನೂರಾರು ಜನ ಮೊಣಕಾಲುದ್ದ ನೀರಲ್ಲಿ ಬಳಚು ಹೆಕ್ಕುತ್ತಾರೆ. ದಕ್ಷಿಣಕ್ಕೆ, ಹೊನ್ನಾವರದಲ್ಲಿ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುತ್ ಘಟಕಗಳಿಂದ ವರ್ಷವಿಡೀ ಸಿಹಿನೀರು ಇಳಿಯುತ್ತದೆ. ಉಪ್ಪಿನಂಶ ಕುಸಿದು ಆ ಅಳಿವೆಯಲ್ಲಿ ಬಳಚು ಬಹುತೇಕ ಮಾಯ. ಶರಾವತಿಯಲ್ಲಿ ನೀರಿದೆ, ಋತುಗಳಿಲ್ಲ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಈಗ ಅದೇ ನದಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾವ ಚರ್ಚೆಯಲ್ಲಿದೆ. "ಸುಮ್ಮನೆ ಸಮುದ್ರಕ್ಕೆ ಹೋಗುವ ನೀರು" ಎಂಬ ಮಾತು ಬೆಂಗಳೂರಿನಲ್ಲಿ ಸಲೀಸಾಗಿ ಓಡುತ್ತದೆ. ಬಳಚು ಹೆಕ್ಕುವವರ ಮುಂದೆ ನಿಂತು ಯಾರಾದರೂ ಅದನ್ನು ಹೇಳಲಿ.

ಕೊನೆಗೆ ಒಂದು ಉಪಯೋಗದ ಮಾತು. ಯಾವುದೇ ದೊಡ್ಡ ಯೋಜನೆಯ ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು, ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಓದೋಕೆ ಸಿಗಬೇಕು. ನೂರಾರು ಪುಟ ಇರುತ್ತದೆ, ಹೆದರಬೇಡಿ. ಮೂಲ ಮಾಹಿತಿಯ ಅಧ್ಯಾಯಕ್ಕೆ ಹೋಗಿ, ನೀರಿನ ಸ್ಯಾಂಪಲ್ ಯಾವ ತಿಂಗಳಲ್ಲಿ ತೆಗೆದರು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಾಲು ಖಾಲಿ ಇದ್ದರೆ ಅಹವಾಲಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸಿಕ್ಕಿತು. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.