ತಂತಿಯ ರೋಗನಿದಾನ

ಸಂಡೂರು ಸೀಮೆಯ ಬಂಡ್ರಿಯಂಥ ಊರೊಂದರಲ್ಲಿ ಮಳೆ ಬಂದ ಸಂಜೆ ಮನೆಯ ಬ್ರಾಡ್‌ಬ್ಯಾಂಡ್ ನಿಂತುಹೋಯಿತೆನ್ನಿ. ಮನೆಯ ಯಜಮಾನರು ಮಾಡುವ ಮೊದಲನೆಯ ಕೆಲಸ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹೊತ್ತಿಸುವುದು. ಎರಡನೆಯದು ಅದರ ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚುವುದು. ಮೂರನೆಯದು ಕಂಪನಿಯವರನ್ನು ಬೈಯುವುದು. ಮೊದಲನೆಯದು ಯುಕ್ತವಾದುದು. ಮೂರನೆಯದು ಮನುಷ್ಯಸಹಜವಾದುದು. ಎರಡನೆಯದರ ಹಿಂದೆ ಒಂದು ಇತಿಹಾಸವೇ ಇದೆ.

ಕಣ್ಣಿಗೆ ಕಾಣದ ದೋಷವನ್ನು ಕುಳಿತಲ್ಲಿಂದಲೇ ಹುಡುಕುವ ವಿದ್ಯೆ ತಂತಿಯ ಜೊತೆಯಲ್ಲಿಯೇ ಹುಟ್ಟಿತು. ನಮ್ಮ ದೇಶದಲ್ಲಿ ತಂತಿಯನ್ನು ಹಬ್ಬಿಸಿದವನು ವಿಲಿಯಂ ಓಷಾನೆಸ್ಸಿ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನ ಬೋಧಿಸುತ್ತಿದ್ದ ಈ ವೈದ್ಯ 1839ರಲ್ಲಿಯೇ ತಂತಿಯ ಪ್ರಯೋಗ ನಡೆಸಿದ್ದನು. 1853ರಲ್ಲಿ ದೊಡ್ಡ ಕೆಲಸಕ್ಕೆ ಕೈ ಹಾಕಿ, 1855ರ ವೇಳೆಗೆ ಕಲ್ಕತ್ತೆ, ಆಗ್ರಾ, ಮುಂಬಯಿ, ಮದ್ರಾಸುಗಳನ್ನು ಒಂದಕ್ಕೊಂದು ಬೆಸೆದುಬಿಟ್ಟನು. ಆ ಜಾಲದಲ್ಲಿ ನಮ್ಮ ಬೆಂಗಳೂರೂ ಸೇರಿತು. ಮರದ ಕಂಬಕ್ಕೆ ಗೆದ್ದಲು ಹತ್ತುವ ಈ ನಾಡಿನಲ್ಲಿ, ದಕ್ಷಿಣದ ಕೆಲವೆಡೆ ಕಗ್ಗಲ್ಲಿನ ಕಂಬಗಳನ್ನೇ ನೆಡಿಸಿದನಂತೆ. ಕಲ್ಲಿಗೆ ಬರವಿಲ್ಲದ ನಮ್ಮವರು ಇದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ತಂತಿ ಹಾಕಿದ ಮೇಲೆ ಅದು ಕೆಡುವುದೂ ಇದ್ದದ್ದೇ. ನೂರಾರು ಮೈಲಿಗಳ ತಂತಿಯನ್ನು ನಡೆದು ನೋಡಲು ಯಾರಿಂದ ಸಾಧ್ಯ? ಆಗ ನೆರವಿಗೆ ಬಂದದ್ದು ಗಣಿತ. ತಂತಿ ಉದ್ದವಾದಷ್ಟೂ ವಿದ್ಯುತ್ತಿಗೆ ಅದು ಒಡ್ಡುವ ತಡೆ ಹೆಚ್ಚು. ಓಮ್ ಎಂಬ ಜರ್ಮನ್ ಪಂಡಿತನು 1827ರಲ್ಲಿ ಈ ತಡೆಯ ನಿಯಮವನ್ನು ಪ್ರಕಟಿಸಿದ್ದನು. ಹತ್ತು ಕಿಲೋಮೀಟರಿನ ತಂತಿ ಎಲ್ಲೋ ನೆಲಕ್ಕೆ ತಾಗಿದೆಯೆಂದುಕೊಳ್ಳಿ. ಆಚೆಯ ತುದಿಯಲ್ಲಿ ಅದನ್ನು ಪಕ್ಕದ ಒಳ್ಳೆಯ ತಂತಿಗೆ ಗಂಟುಹಾಕಿದರೆ ಇಪ್ಪತ್ತು ಕಿಲೋಮೀಟರಿನ ಒಂದು ಸುತ್ತಾಯಿತು. ಈಚೆಯ ಕೊಠಡಿಯಲ್ಲಿ ಕುಳಿತವನು, ದೋಷದ ಈ ಬದಿಯ ತಡೆಗೂ ಆ ಬದಿಯ ತಡೆಗೂ ಇರುವ ಪ್ರಮಾಣವನ್ನು ಅಳೆಯುತ್ತಾನೆ. ಒಂದಕ್ಕೆ ನಾಲ್ಕು ಎಂದು ಬಂದರೆ ದೋಷ ನಾಲ್ಕನೆಯ ಕಿಲೋಮೀಟರಿನಲ್ಲಿದೆ. ಏಣಿ ಹೊತ್ತವನು ನೆಟ್ಟಗೆ ಅಲ್ಲಿಗೇ ಹೋದರಾಯಿತು.

ಆದರೆ ಈ ತಾಳ್ಮೆ ಎಲ್ಲರಿಗೂ ಇರಲಿಲ್ಲ. 1858ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲನೆಯ ಕೇಬಲ್ಲು ಇಳಿಯಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು ಹದಿನಾರು ಗಂಟೆ ಹಿಡಿಯಿತು. ಕೇಬಲ್ಲಿನ ಉಸ್ತುವಾರಿ ವೈಟ್‌ಹೌಸ್ ಎಂಬವನದು. ಇವನೂ ವೃತ್ತಿಯಿಂದ ವೈದ್ಯನೇ! ಸಂಕೇತಗಳು ಕ್ಷೀಣವಾಗಿವೆಯೆಂದು ಈತ ಸುಮಾರು ಎರಡು ಸಾವಿರ ವೋಲ್ಟಿನ ವಿದ್ಯುತ್ತನ್ನು ಅದರೊಳಗೆ ನುಗ್ಗಿಸಿದನು. ಮೊದಲೇ ಬಡಕಲಾಗಿದ್ದ ಕೇಬಲ್ಲು ಕೆಲವೇ ವಾರಗಳಲ್ಲಿ ಸತ್ತಿತು. ವಿಲಿಯಂ ಥಾಮ್ಸನ್ (ಮುಂದೆ ಕೆಲ್ವಿನ್ ಪ್ರಭು ಎನಿಸಿದವನು) ಇದಕ್ಕೆ ವಿರುದ್ಧವಾದ ದಾರಿ ಹಿಡಿದಿದ್ದನು: ಒತ್ತಡ ಹೆಚ್ಚಿಸದೆ, ಕ್ಷೀಣ ಸಂಕೇತವನ್ನೂ ಓದಬಲ್ಲ ಸೂಕ್ಷ್ಮ ಕನ್ನಡಿಯ ಯಂತ್ರವನ್ನು ರಚಿಸಿದನು. ಬಾಳಿಕೆ ಬರುವ ಕೇಬಲ್ಲು ಸಿದ್ಧವಾದದ್ದು 1866ರಲ್ಲಿ.

ಈಗ ಪಿನ್ನಿನ ಮಾತಿಗೆ ಬರೋಣ. ಆ ತೂತಿನ ಗುಂಡಿ ಪೆಟ್ಟಿಗೆಯ ಲೆಕ್ಕದಲ್ಲಿರುವ ಬರಹಗಳನ್ನೆಲ್ಲ ಅಳಿಸಿಬಿಡುತ್ತದೆ. ಗ್ರಾಹಕನ ಹೆಸರು, ಗುಪ್ತಪದ ಎಲ್ಲವೂ ಅದರೊಡನೆ ಹೋದಾವು. ಹೊರಗಿನ ತಂತಿ ಸರಿಯಾದ ಮೇಲೂ ಮನೆಯಲ್ಲಿ ಅಂತರ್ಜಾಲ ಬಾರದು. ಒಂದು ರೋಗವಿದ್ದುದು ಎರಡಾಯಿತು. ವೈಟ್‌ಹೌಸನ ವಂಶ ನಿರ್ವಂಶವಾಗಿಲ್ಲ!

ಹಳ್ಳಿಗಳಿಗೆ ತಂತಿ ಬಂದ ಬಗೆಯನ್ನೂ ಹೇಳಬೇಕು. 1986ರಲ್ಲಿ ಸಿ-ಡಾಟ್ ಸಂಸ್ಥೆಯ 128 ಸಂಪರ್ಕಗಳ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜು ನಮ್ಮ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ತಂಪು ಯಂತ್ರದ ಹಂಗಿಲ್ಲದೆ ಧೂಳು ಬಿಸಿಲುಗಳಲ್ಲಿ ನಡೆಯುವಂತೆ ಅದನ್ನು ಕಟ್ಟಲಾಗಿತ್ತು. 2005ರಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಬಂದಾಗ ಅದು ಹರಿದದ್ದು ಹಳೆಯ ದೂರವಾಣಿಯ ತಾಮ್ರದ ಜೋಡಿಯಲ್ಲಿಯೇ. ಎಕ್ಸ್‌ಚೇಂಜಿನಿಂದ ಕೆಲವು ಕಿಲೋಮೀಟರು ದೂರವಾದರೆ ಅದರ ವೇಗ ಕುಗ್ಗುತ್ತಿತ್ತು. ಮಳೆಗಾಲದಲ್ಲಿ ಗಂಟುಗಳಿಗೆ ನೀರಿಳಿದರೆ ಇನ್ನೂ ಕುಗ್ಗುತ್ತಿತ್ತು. ಆ ಕಾಲದ ಲೈನ್‌ಮನ್ ಮನೆಗೆ ಬಂದೊಡನೆ ಮೋಡೆಮ್ಮನ್ನು ಮುಟ್ಟುತ್ತಿರಲಿಲ್ಲ, ಫೋನನ್ನು ಕಿವಿಗಿಡುತ್ತಿದ್ದ. ಗೊರಗೊರ ಸದ್ದಿದ್ದರೆ ದೋಷ ತಾಮ್ರದಲ್ಲಿ. ಸ್ವರ ನಿರ್ಮಲವಾಗಿದ್ದರೆ ಪೆಟ್ಟಿಗೆಯಲ್ಲಿ. ಅರ್ಧ ಸೀಮೆಯನ್ನು ಒಂದೇ ಏಟಿಗೆ ಹುಡುಕಾಟದಿಂದ ಕಳೆದುಬಿಡುವ ಈ ಜಾಣತನಕ್ಕೆ ಯಾವ ಪದವಿಯೂ ಬೇಕಿರಲಿಲ್ಲ.

ಇಂದು ಗಾಜಿನ ಎಳೆ ಬಂದಿದೆ; ಕ್ರಮ ಮಾತ್ರ ಅದೇ. ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಹೊತ್ತಿದ್ದರೆ ಬೆಳಕು ಒಳಗೆ ಬರುತ್ತಿಲ್ಲವೆಂದರ್ಥ. ಹಳದಿ ಎಳೆ ಎಲ್ಲಿಯಾದರೂ ಮಡಿಚಿಕೊಂಡಿದೆಯೇ ಎಂದು ನೋಡಿ. ಇಲ್ಲವಾದರೆ ದೋಷ ಹೊರಗಿದೆ, ನೂರು ಸಲ ಆರಿಸಿ ಹೊತ್ತಿಸಿದರೂ ಫಲವಿಲ್ಲ. ಪಾನ್ ಎಂಬ ಹಸಿರು ದೀಪ ಕದಲದೆ ಉರಿಯುತ್ತಿದ್ದರೆ ದಾರಿ ಸರಿಯಾಗಿದೆ. ಆಗ ಕಂಪ್ಯೂಟರನ್ನು ತಂತಿಯಿಂದಲೇ ಪೆಟ್ಟಿಗೆಗೆ ಸೇರಿಸಿ ನೋಡಬೇಕು. ಹಾಗೆ ಬಂದರೆ ತಪ್ಪು ವೈಫೈನದು. ಬಾರದಿದ್ದರೆ ಲಾಗಿನ್ನಿನದೋ ಅದರಾಚೆಯದೋ. ಹೊರಗಿನ ದೋಷಕ್ಕೆ ಈಗ ಬೆಳಕೇ ಅಳತೆಗೋಲು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಎಳೆಯೊಳಗೆ ಬಿಟ್ಟ ಮಿಂಚು ತುಂಡಾದ ಜಾಗಕ್ಕೆ ಬಡಿದು, ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಲ್ಲಿ ಹಿಂದಿರುಗಿದರೆ, ಹೋಗಿ ಬಂದ ದಾರಿ ಇಪ್ಪತ್ತು, ಎಳೆ ತುಂಡಾದುದು ಹತ್ತನೆಯ ಕಿಲೋಮೀಟರಿನಲ್ಲಿ.

ಯಂತ್ರ ಹತ್ತನೆಯ ಕಿಲೋಮೀಟರನ್ನು ತೋರಿಸೀತು. ಆ ಹತ್ತನೆಯ ಕಿಲೋಮೀಟರಿನಲ್ಲಿ ಎಳೆ ರಸ್ತೆಯ ಎಡಕ್ಕಿದೆಯೋ ಬಲಕ್ಕಿದೆಯೋ, ಯಾವ ಮೋರಿಯ ಕೆಳಗೆ ಗಂಟಿದೆಯೋ, ರಸ್ತೆ ಅಗಲಿಸಿದವರು ಅದನ್ನು ಎಲ್ಲಿ ಹೂತರೋ, ಇದನ್ನು ಬಲ್ಲವನು ಊರೂರು ಸುತ್ತಿದ ಲೈನ್‌ಮನ್ ಒಬ್ಬನೇ. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ಯೋಜನೆಯಡಿ ಒಂದೇ ದಿನ ಹೊರನಡೆದರು. ಇಲಾಖೆಯ ಸಾಲಭಾರಕ್ಕೆ ಅದು ಬೇಕಾಗಿದ್ದಿರಬಹುದು; ಆ ಲೆಕ್ಕಕ್ಕೆ ನಾನು ತಕರಾರು ಮಾಡಲಾರೆ. ಅವರ ಜೊತೆಯಲ್ಲಿ ಹೋದ ಗುರುತುಗಳ ಬಹುಪಾಲು ಯಾವ ನಕ್ಷೆಯಲ್ಲಿಯೂ ಬರೆದಿರಲಿಲ್ಲ. ಈಗ ಹಲವೆಡೆ ಗುತ್ತಿಗೆಯ ಹುಡುಗರು ಆ ಕೆಲಸವನ್ನು ನೋಡಿಕೊಳ್ಳುತ್ತಿದ್ದಾರೆ. ಗಂಟು ಎಲ್ಲಿದೆಯೆಂದು ದಾರಿಬದಿಯ ಹೋಟೆಲಿನವನನ್ನು ಕೇಳಿ, ಹಾರೆ ಹಾಕುತ್ತಾರೆ.