ಉಳುಕಿದ ಮಂಡಿಯ ಇಪ್ಪತ್ತು ವರ್ಷ

ಬೆಂಗಳೂರಿನ ಜಾಲಹಳ್ಳಿಯಲ್ಲಿ ಮಂಡಿನೋವಿನವರು ಒಳಗೆ ಬಂದು ಕೂರುವ ಮೊದಲೇ ರೋಗದ ಹೆಸರು ಹೇಳಿಬಿಡುತ್ತಾರೆ: "ಮಂಡೀಲಿ ಗ್ರೀಸ್ ಖಾಲಿಯಾಗಿದೆಯಂತೆ ಸಾರ್." ಎಚ್‌ಎಂಟಿಯಲ್ಲೋ ಬಿಇಎಲ್‌ನಲ್ಲೋ ಲೇತ್ ಮುಂದೆ ಮೂವತ್ತು ವರ್ಷ ನಿಂತವರ ಬಾಯಲ್ಲಿ ಈ ಮಾತು ಸಹಜ. ಬೇರಿಂಗ್ ಸವೆಯಬೇಕಾದರೆ ವರ್ಷಗಟ್ಟಲೆ ಓಡಬೇಕು. ಪೆಟ್ಟು ಬಿದ್ದ ಮಂಡಿ ಹಾಗಲ್ಲ, ಅಂದಿನಿಂದಲೇ ಕೆಡಲು ಶುರು.

ಈ ಬರಹಕ್ಕೆ ಕಾರಣ ನಿವೃತ್ತರಲ್ಲ, ಮೂವತ್ತೆಂಟರ ಒಬ್ಬ ಹಳೆಯ ಕಬಡ್ಡಿ ರೈಡರ್. ಹತ್ತೊಂಬತ್ತನೇ ವಯಸ್ಸಿನಲ್ಲಿ ಕಬಡ್ಡಿ ಆಡುವಾಗ ಕಾಲು ತಿರುಚಿ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯಿತು, ಆಪರೇಷನ್ ಆಯಿತು. ಈಗ ಮದುವೆ ಮನೆಯಲ್ಲಿ ಎಲ್ಲರೂ ನೆಲದ ಪಂಕ್ತಿಯಲ್ಲಿ ಕೂತರೆ ಆತ ಕುರ್ಚಿ ಹುಡುಕುತ್ತಾನೆ. "ಲಿಗಮೆಂಟ್ ಹಾಕಿದ್ರೆ ಸವೆತ ಬರಲ್ಲ ಅಂದಿದ್ರು" ಎಂದ. ಹಾಗೆ ಅಂದವರು ಯಾರೆಂಬುದು ಬೇಡ. ಮೂವತ್ತು ವರ್ಷಗಳಿಂದ ಮಂಡಿ ಚಿಕಿತ್ಸೆಯ ಕ್ಷೇತ್ರದಲ್ಲಿರುವ ನನ್ನಂಥವರೂ ಒಂದು ಕಾಲಕ್ಕೆ ಅಂದಿದ್ದೇವೆ.

ಹಳೆಯ ಕಥೆ ಚಿಕ್ಕದು. ಒಮ್ಮೆ ನಾಶವಾದ ಕಾರ್ಟಿಲೇಜ್, ಅಂದರೆ ಕೀಲಿನ ಮೃದು ಎಲುಬು, ಮತ್ತೆ ಬೆಳೆಯದೆಂದು ವಿಲಿಯಂ ಹಂಟರ್ 1743ರಲ್ಲೇ ಲಂಡನ್ನಿನಲ್ಲಿ ಬರೆದಿದ್ದ. ಮಂಡಿಯೊಳಗೆ ಮೆತ್ತೆಯಂತಿರುವ ಮೆನಿಸ್ಕಸ್ ಕೆಲಸಕ್ಕೆ ಬಾರದ ಅವಶೇಷವೆಂಬ ನಂಬಿಕೆ ಮಾತ್ರ ಬಹುಕಾಲ ಉಳಿಯಿತು, ಹರಿದರೆ ಪೂರ್ತಿ ತೆಗೆದೆಸೆಯುತ್ತಿದ್ದರು. 1948ರಲ್ಲಿ ಫೇರ್‌ಬ್ಯಾಂಕ್ ಹಾಗೆ ತೆಗೆದ ಮಂಡಿಗಳ ಎಕ್ಸ್‌ರೇ ನೋಡಿ, ಕೀಲಿನ ಸಂದು ಕಿರಿದಾಗಿರುವುದನ್ನೂ ಎಲುಬಿನ ಅಂಚು ಬೆಳೆದಿರುವುದನ್ನೂ ತೋರಿಸಿದ. ಅದಾದ ಮೇಲೂ ಆ ಚಾಳಿ ದಶಕಗಟ್ಟಲೆ ನಿಲ್ಲಲಿಲ್ಲ. 1973ರಲ್ಲಿ ಪಾಂಡ್ ಮತ್ತು ನೂಕಿ ನಾಯಿಗಳ ಎಸಿಎಲ್ ಕತ್ತರಿಸಿ, ಅದೊಂದೇ ಪೆಟ್ಟು ಕೀಲನ್ನು ಹಾಳುಮಾಡಬಲ್ಲದೆಂದು ಕಂಡರು.

ನಮ್ಮ ತಲೆಮಾರಿನ ಕಣ್ಣು ತೆರೆಸಿದ್ದು ಸ್ವೀಡನ್ನಿನ ಲುಂಡ್. 2004ರಲ್ಲಿ ಲೊಮಾಂಡರ್ ತಂಡದವರು ಹನ್ನೆರಡು ವರ್ಷದ ಹಿಂದೆ ಎಸಿಎಲ್ ಹರಿದುಕೊಂಡಿದ್ದ ಫುಟ್‌ಬಾಲ್ ಆಟಗಾರ್ತಿಯರನ್ನು ಹುಡುಕಿ ಕರೆಸಿದರು. ಸರಾಸರಿ ವಯಸ್ಸು 31. ಎಕ್ಸ್‌ರೇ ತೆಗೆಸಿಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ಆಗಲೇ ಅಸ್ಥಿಸಂಧಿವಾತ, ಅಂದರೆ ಸವೆತ. ಮೂವತ್ತೊಂದರ ಹೆಣ್ಣುಮಗಳಿಗೆ ಅಜ್ಜಿಯ ಮಂಡಿ! ಅದೇ ಊರಿನ ಕ್ಯಾನನ್ ಪ್ರಯೋಗ ಇನ್ನೂ ಮುಂದೆ ಹೋಯಿತು. 121 ಯುವಕ ಯುವತಿಯರಲ್ಲಿ ಒಂದು ಗುಂಪಿಗೆ ಬೇಗ ಆಪರೇಷನ್ ಮಾಡಿದರು. ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಆಪರೇಷನ್. 2010ರಲ್ಲಿ ಎರಡು ವರ್ಷದ ಫಲಿತಾಂಶ ಬಂತು, 2013ರಲ್ಲಿ ಐದು ವರ್ಷದ್ದು. ನೋವಿನಲ್ಲಾಗಲಿ ಎಕ್ಸ್‌ರೇ ಸವೆತದಲ್ಲಾಗಲಿ ಗುಂಪುಗಳ ನಡುವೆ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯಾಯಾಮದ ಗುಂಪಿನ ಅರ್ಧದಷ್ಟು ಜನ ಐದು ವರ್ಷವಾದರೂ ಕತ್ತರಿ ಕಾಣಲೇ ಇಲ್ಲ. ಆಪರೇಷನ್ ಬೇಡವೆಂಬುದು ಇದರ ಅರ್ಥವಲ್ಲ. ಜಾರುವ ಮಂಡಿಯನ್ನು ಅದು ಹಿಡಿದು ನಿಲ್ಲಿಸುತ್ತದೆ. ಸವೆತ ತಪ್ಪಿಸುತ್ತದೆಂಬ ಭರವಸೆಗೆ ಮಾತ್ರ ಆಧಾರವಿಲ್ಲ. ನಮ್ಮಲ್ಲಿ ಎಂಆರ್‌ಐ ಕವರಿನ ಜೊತೆಗೇ ಆ ಭರವಸೆಯನ್ನೂ ಕೈಗಿಡುತ್ತಾರೆ.

ನಾರ್ವೆಯವರು 2016ರಲ್ಲಿ ಹೇಳಿದ್ದು ನನಗೆ ನೇರವಾಗಿ ತಾಗಿತು. ಆಪರೇಷನ್ ಆದಮೇಲೆ ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮರುಪೆಟ್ಟಿನ ಸಾಧ್ಯತೆ ಸುಮಾರು ಅರ್ಧಕ್ಕಿಳಿಯುತ್ತಿತ್ತು. ನಾನು ಎಷ್ಟೋ ಹುಡುಗರನ್ನು ಆರನೇ ತಿಂಗಳಿಗೆ, ಟೂರ್ನಮೆಂಟ್ ಇದೆಯೆಂದು ಗೋಗರೆದಾಗ ಐದಕ್ಕೇ, ಅಂಕಣಕ್ಕೆ ಬಿಟ್ಟಿದ್ದೇನೆ. ಎರಡನೇ ಪೆಟ್ಟು ಬಿತ್ತೆಂದರೆ ಸಾಮಾನ್ಯವಾಗಿ ಮೆನಿಸ್ಕಸ್ಸೂ ಹೋಗುತ್ತದೆ. ಅಲ್ಲಿಂದ ಸವೆತಕ್ಕೆ ಇಳಿಜಾರು.

ಔಷಧದ ಹಾದಿ ಬೇರೆ. ಪೆಟ್ಟಿನ ಮೊದಲ ದಿನಗಳಲ್ಲೇ ಕೀಲಿನೊಳಗೆ ರಕ್ತ ತುಂಬಿ, ಉರಿಯೂತದ ರಾಸಾಯನಿಕಗಳು ಏರಿ, ಕಾರ್ಟಿಲೇಜ್ ಕೋಶಗಳು ಸಾಯತೊಡಗುತ್ತವೆ. ಅಯೋವಾದಲ್ಲಿ ಬಕ್‌ವಾಲ್ಟರ್, ಮಾರ್ಟಿನ್ ಮುಂತಾದವರು ಈ ಸಾವನ್ನು ತಡೆಯಬಹುದೇ ಎಂದು ಹಂದಿಗಳಲ್ಲಿ ನೋಡಿದರು. ಆ ಉರಿಯೂತದ ರಾಸಾಯನಿಕಗಳಲ್ಲೊಂದಾದ ಇಂಟರ್‌ಲ್ಯೂಕಿನ್-1ನ್ನು ತಡೆಯುವ ಇಂಜೆಕ್ಷನ್ನಿನ ಪ್ರಯೋಗ 2012ರಲ್ಲಿ ಪ್ರಕಟವಾದಾಗ ಅದರಲ್ಲಿ ಇದ್ದದ್ದು ಹನ್ನೊಂದೇ ಜನ. ಪೆಟ್ಟಿನ ನಂತರದ ಸವೆತ ತಡೆಯಲು ಮಂಜೂರಾದ ಔಷಧ ಇವತ್ತಿಗೂ ಒಂದೂ ಇಲ್ಲ. "ಸವೆತ ನಿಲ್ಲಿಸುವ" ಸೂಜಿಯ ಬೋರ್ಡುಗಳಿಗೆ ಮಾತ್ರ ಬರವಿಲ್ಲ.

ಜಾಲಹಳ್ಳಿಯಿಂದ ಹತ್ತು ಕಿಲೋಮೀಟರಿನೊಳಗಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್ವಾಲ್ ಅವರ ತಂಡ ರಾಪಮೈಸಿನ್ ಎಂಬ ಔಷಧವನ್ನು ತಾನಾಗಿ ಕರಗುವ ಪಾಲಿಮರಿನ ಸೂಕ್ಷ್ಮ ಕಣಗಳೊಳಗಿಟ್ಟು ಇಲಿಯ ಮಂಡಿಗೆ ಚುಚ್ಚಿದೆ. ಬರೀ ಔಷಧವಾದರೆ ಕೀಲಿನಿಂದ ಬೇಗ ಸೋರಿಹೋಗುತ್ತದೆ. ಕಣಗಳು ವಾರಗಟ್ಟಲೆ ಅಲ್ಲೇ ಉಳಿದು ಅದನ್ನು ಸಣ್ಣಗೆ ಬಿಡುತ್ತವೆ, ಕೋಶಗಳು ಮುದಿಯಾಗುವುದನ್ನು ತಡೆಯುತ್ತವೆ. ನನ್ನ ಮಟ್ಟಿಗೆ ಈ ನಾಡಿನಲ್ಲಿ ಈ ವಿಷಯದ ಮೇಲೆ ನಡೆದಿರುವ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಆದರೂ ಇಲಿ ಇಲಿಯೇ. ಅದು ಚಕ್ಕಳಮಕ್ಕಳ ಹಾಕಿ ಕೂರುವುದಿಲ್ಲ.

ನನ್ನ ತಕರಾರು ಇರುವುದು ಈ ಕೂರುವ ವಿಷಯದಲ್ಲೇ. ಮಂಡಿಯ ಸ್ಥಿತಿ ಅಳೆಯಲು ಜಗತ್ತೆಲ್ಲ ಬಳಸುವ ಕೂಸ್ ಪ್ರಶ್ನಾವಳಿಯನ್ನು ಲುಂಡ್‌ನ ಎವಾ ರೂಸ್ ಮತ್ತು ಸಂಗಡಿಗರು 1998ರಲ್ಲಿ ಕೊಟ್ಟರು. ಕುಕ್ಕರಗಾಲಲ್ಲಿ ಕೂರುವ ಪ್ರಶ್ನೆ ಅದರಲ್ಲಿದೆ, ಸ್ನಾನದ ತೊಟ್ಟಿಗೆ ಇಳಿದು ಹತ್ತುವ ಪ್ರಶ್ನೆಯೂ ಇದೆ. ಪದ್ಮಾಸನವಿಲ್ಲ, ಪಂಕ್ತಿಭೋಜನವಿಲ್ಲ. ಪಟ್ಟಿಯ ಕಥೆಯೂ ಅಷ್ಟೇ: ಲುಂಡ್‌ನವರ ಕೈಯಲ್ಲಿ ಫುಟ್‌ಬಾಲ್ ಆಟಗಾರ್ತಿಯರ ಪಟ್ಟಿ ಇತ್ತು. ನಮ್ಮಲ್ಲಿ ಕಬಡ್ಡಿ ಮಣ್ಣಿನಿಂದ ಮ್ಯಾಟಿಗೆ ಬಂತು, 2014ರಲ್ಲಿ ಟಿವಿ ಲೀಗೂ ಆಯಿತು. ಆದರೆ ಮಂಡಿ ತಿರುಚಿಕೊಂಡವರ ಪಟ್ಟಿ ಯಾವ ಕ್ಲಬ್ಬಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವಾಗ ಬೈಕ್ ಜಾರಿ ಬಿದ್ದವರ ಲೆಕ್ಕವಂತೂ ಕೇಳುವುದೇ ಬೇಡ.

ಇಂಥ ಪಟ್ಟಿ ಇಡುವುದು ಮಾಡಲಾಗದ ಕೆಲಸವೇನಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನ ಕೀಲುರೋಗ 1970ರ ದಶಕದಲ್ಲಿ ಬೆಳಕಿಗೆ ಬಂದಾಗ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಮಲೆನಾಡಿನ ಆ ಕುಟುಂಬಗಳ ಬಳಿಗೇ ಹೋದರು. 1978ರಲ್ಲಿ ವರದಿಯೂ ಬಂತು. ಅದು ವಂಶದಲ್ಲಿ ಬರುವ ರೋಗ, ಇಲ್ಲಿನ ಮಾತೇ ಬೇರೆ. ಆದರೆ ರೋಗಿಯ ಮನೆಬಾಗಿಲಿಗೆ ಹೋಗಿ ಬರೆದುಕೊಳ್ಳುವ ವಿದ್ಯೆ ಅದೇ.

ಕಬಡ್ಡಿ ಕೋಚ್‌ಗಳಲ್ಲಿ, ಶಾಲೆಗಳ ಪಿಟಿ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬಿದ್ದ ಹುಡುಗನ ಹೆಸರು, ತಾರೀಖು, ಎಡವೋ ಬಲವೋ, ಎಷ್ಟನೇ ತಿಂಗಳಿಗೆ ಮತ್ತೆ ಆಡಿದ ಎಂದು ಬರೆದಿಡಿ. ಆ ಪುಸ್ತಕವನ್ನು ರದ್ದಿಗೆ ಹಾಕಬೇಡಿ.