ಮುಟ್ಟಿ ತಿಳಿಯುವ ಕೈಗೆ ಬೆಲೆ ಎಷ್ಟು?

ವೀಕ್ಷಕರೇ, ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗಿ ನೋಡಿ. ಹಣ್ಣಾಯ್ತಾ, ಇನ್ನೂ ಕಾಯಾ ಅಂತ ಬೆರಳು ಸೋಕಿಸಿಯೇ ಹೇಳ್ತಾರೆ. ಮಾಲೂರು ತಾಲೂಕಿನ ಶಿವಾರಪಟ್ಟಣದ ಶಿಲ್ಪಿ ಕಲ್ಲಿನ ನುಣುಪನ್ನು ಅಂಗೈ ಆಡಿಸಿ ಅಳೀತಾರೆ. ಇದನ್ನು ನಾವು ವಿದ್ಯೆ ಅನ್ನಲಿಲ್ಲ, ಕೂಲಿ ಅಂದ್ವಿ.

ಈಗ ಇತಿಹಾಸ ಕೇಳಿ. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಯೂನಿಮೇಟ್ ಅನ್ನೋ ರೋಬೋ ಬಂತು. ಕಾದ ಲೋಹ ಎತ್ತುತ್ತಿತ್ತು, ಆದರೆ ಅದಕ್ಕೆ ಸ್ಪರ್ಶವೇ ಇರಲಿಲ್ಲ. 1979ರಲ್ಲಿ ಸ್ವೀಡನ್ ವಿಜ್ಞಾನಿಗಳು ಲೆಕ್ಕ ಕೊಟ್ಟರು: ಮನುಷ್ಯನ ಒಂದು ಅಂಗೈ, ಬೆರಳುಗಳ ಒಳಮೈಯಲ್ಲಿ ಸ್ಪರ್ಶ ಹೊತ್ತೊಯ್ಯುವ ನರತಂತುಗಳು ಸುಮಾರು 17,000! 2009ರಲ್ಲಿ ಅಮೆರಿಕದ ಎಂಐಟಿಯವರು ಮೆತ್ತನೆಯ ಜೆಲ್ ಹಿಂದೆ ಕ್ಯಾಮೆರಾ ಇಟ್ಟರು. ವಸ್ತು ಒತ್ತಿದಾಗ ಜೆಲ್‌ನಲ್ಲಿ ಮೂಡುವ ತಗ್ಗು-ಉಬ್ಬನ್ನು ಕ್ಯಾಮೆರಾ ಓದುತ್ತೆ. ಅದೇ ಜೆಲ್‌ಸೈಟ್. ರೋಬೋ ಬೆರಳಿಗೂ ಸ್ಪರ್ಶ ಬಂತು.

ಕೋಲಾರಕ್ಕೆ ಯಂತ್ರ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಕೆಜಿಎಫ್ ಗಣಿಗೆ ಹರಿಯಿತು. 2001ರಲ್ಲಿ ಗಣಿ ಮುಚ್ಚಿತು. ಕೆಲಸ ಬಲ್ಲ ಕೈಗಳು ಬೆಂಗಳೂರಿನ ರೈಲು ಹತ್ತಿದವು.

ನಾಳೆ ಮಾವು ಆರಿಸೋ ರೋಬೋ ಬಂದರೆ, ಅದು ಕಲಿಯಬೇಕಾದದ್ದು ಮಂಡಿಯ ಇದೇ ಕೈಗಳಿಂದ. ನನ್ನ ಪ್ರಶ್ನೆ ಇಷ್ಟೇ: ಆ ಗುರುದಕ್ಷಿಣೆ ಕೊಡೋರು ಯಾರು?